ಅಣ್ಣ ಬೈಯುತ್ತಿದ್ದ ಫೋಟೋ

ಅವಳಿಗೆ ಕೋಪ ಬರಲು ಕಾರಣ ಬೇಕು ಎಂದುಕೊಂಡವರು ಅವಳ ಅಂಗಡಿಗೆ ಒಂದು ದಿನವೂ ಕಾಲಿಟ್ಟಿಲ್ಲವೆಂದೇ ಲೆಕ್ಕ. ಗಿರಾಕಿ ಬ್ರೆಡ್ಡನ್ನು ಬೆರಳಿನಿಂದ ಒತ್ತಿ ನೋಡಿದರೆ ಕೋಪ. ಒತ್ತಿ ನೋಡದೆ ಚೀಲಕ್ಕೆ ಹಾಕಿಕೊಂಡರೆ, ಇವರಿಗೆ ನಿನ್ನೆಯದನ್ನು ಕೊಟ್ಟಿದ್ದರೂ ಗೊತ್ತಾಗುತ್ತಿರಲಿಲ್ಲವಲ್ಲ ಎಂದು ಇನ್ನೊಂದು ಕೋಪ. ಬೀದಿಯವರು ಅವಳಿಗೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟಿದ್ದರು, ಅದೂ ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಧೈರ್ಯ ಇದ್ದದ್ದು ಒಬ್ಬನಿಗೆ ಮಾತ್ರ, ಅವಳ ಅಣ್ಣನಿಗೆ.

ಆ ಅಣ್ಣನಾದರೂ ಕಡಿಮೆಯವನೇ? ಬೇಕರಿ ಅವನದು, ಒಲೆ ಅವನದು, ಬೀದಿಯ ತುದಿಯವರೆಗೂ ಕೇಳಿಸುವ ಗಂಟಲೂ ಅವನದೇ. ಅಪ್ಪ ಅಮ್ಮ ಹೋದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅವನೇ ಸಾಕಿದ. ಸಾಕಿದ ಎಂದರೆ ಬೈದು ಬೈದು ಸಾಕಿದ. ಊಟ ಆಯಿತಾ ಎಂದು ನೆಟ್ಟಗೆ ಕೇಳಲು ಅವನಿಗೆ ಬರುತ್ತಲೇ ಇರಲಿಲ್ಲ. 'ತಿನ್ಬೇಡ, ಒಣಗಿ ಕಡ್ಡಿ ಆಗು. ಆಮೇಲೆ ಡಾಕ್ಟರ್ ಹತ್ರ ಹೊತ್ಕೊಂಡು ಹೋಗೋಕೆ ನಾನಿದ್ದೀನಲ್ಲ, ಕತ್ತೆ' ಎನ್ನುತ್ತಿದ್ದ. ಮದುವೆಯಾಗಿ ಹೋದವಳು ಗಂಡನ ಮನೆಯಲ್ಲಿ ಬಾಳಲಾರದೆ ಒಂದು ಮಧ್ಯಾಹ್ನ ಪೆಟ್ಟಿಗೆ ಹಿಡಿದುಕೊಂಡು ವಾಪಸ್ಸು ಬಂದಾಗ, ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ಒಲೆಯ ಬಾಗಿಲಿನಿಂದ ತಲೆ ಎತ್ತಿ ನೋಡಿ, 'ಚಪ್ಪಲಿ ಹಾಕ್ಕೊಂಡು ಹಿಟ್ಟಿನ ಕೋಣೆಗೆ ನುಗ್ತಿದ್ದೀಯಲ್ಲ, ಬುದ್ಧಿ ಗಿದ್ಧಿ ಇದೆಯಾ ನಿಂಗೆ?' ಎಂದ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಂದಿನಿಂದ ಅಲ್ಲೇ ಇದ್ದಾಳೆ.

ಹೀಗೆ ವರ್ಷಗಟ್ಟಲೆ ಇಬ್ಬರೂ ಒಬ್ಬರಿಗೊಬ್ಬರು ಸಹಸ್ರನಾಮ ಹೇಳಿಕೊಂಡು ಬ್ರೆಡ್ಡು ಮಾರಿದರು. ಗಿರಾಕಿಗಳಲ್ಲಿ ಕೆಲವರು ಬನ್ನಿಗಾಗಿ ಬರುತ್ತಿದ್ದರೋ ಜಗಳ ಕೇಳುವುದಕ್ಕೆ ಬರುತ್ತಿದ್ದರೋ ಹೇಳುವುದು ಕಷ್ಟ. ಮನೆಯಲ್ಲಿ ಯಾರಾದರೂ ಒಬ್ಬರು ಸುಮ್ಮನಿದ್ದರೆ ಮೈಯಲ್ಲಿ ಹುಷಾರಿಲ್ಲ ಎಂದೇ ಅರ್ಥ.

ಫೋಟೋ ಹುಚ್ಚು ಹತ್ತಿದ್ದು ಕೇಕಿನಿಂದ. ಆರ್ಡರಿನ ಕೇಕುಗಳ ಫೋಟೋವನ್ನು ಅವಳು ಮೊಬೈಲಿನಲ್ಲಿ ತೆಗೆದು ಗಿರಾಕಿಗಳಿಗೆ ಕಳಿಸುತ್ತಿದ್ದಳು. ಅಂಗಡಿಯ ಬಲ್ಬಿನ ಬೆಳಕಿನಲ್ಲಿ ಬಿಳಿ ಕ್ರೀಮು ಕಾಮಾಲೆ ಹತ್ತಿದವರ ಕಣ್ಣಿನಂತೆ ಕಾಣುತ್ತಿತ್ತು. ಮದುವಣಗಿತ್ತಿಯೊಬ್ಬಳು ಆ ಫೋಟೋ ನೋಡಿ, 'ಹಳೇದು ಕೊಡ್ತಿದ್ದೀರಾ?' ಎಂದು ಕೇಳಿದಳು. ಇವಳಿಗೆ ನಖಶಿಖಾಂತ ಉರಿದುಹೋಯಿತು. ಆ ಉರಿಯಲ್ಲೇ ಹಳೆಯ ಕ್ಯಾಮೆರಾವೊಂದನ್ನೂ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನೂ ಕೊಂಡಳು. ಮುದ್ರಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಭಾನುವಾರಗಳಂದು ನಡೆಯುವ ಛಾಯಾಗ್ರಹಣ ಕಾರ್ಯಾಗಾರಕ್ಕೂ ಸೇರಿಕೊಂಡಳು.

ಅಲ್ಲಿ ಕಲಿಸುತ್ತಿದ್ದವರನ್ನು ಎಲ್ಲರೂ ಗಡ್ಡದ ಮೇಷ್ಟ್ರು ಎನ್ನುತ್ತಿದ್ದರು. ಸುಳ್ಳು ಹೇಳಬಾರದು, ಕಲಿಸುವುದನ್ನು ಅವರು ಚೆನ್ನಾಗಿಯೇ ಕಲಿಸಿದರು. ಬೆಳಕಿಗೆ ಬಣ್ಣ ಇರುತ್ತದೆ, ಅದನ್ನು ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಬಹುದು ಎಂದು ತೋರಿಸಿದ ದಿನ ಅವಳು ಮನೆಗೆ ಓಡಿಬಂದು ಹಳೆಯ ಕೇಕಿನ ಫೋಟೋ ತೆರೆದಳು, ಪರದೆಯ ಬಲಗಡೆಯ ಒಂದು ಸ್ಲೈಡರ್ ಎಳೆದಳು. ಕ್ರೀಮು ಬೆಳ್ಳಗಾಯಿತು. ಮತ್ತೆ ಹಿಂದಕ್ಕೆ ಎಳೆದಳು, ಹಳದಿಯಾಯಿತು. ಮುಂದಕ್ಕೆ, ಬಿಳಿ. ಆ ದಿನವೆಲ್ಲ ಅವಳು ಯಾರ ಮೇಲೂ ರೇಗಲಿಲ್ಲ. ಅಣ್ಣ ಬಂದು ಅವಳ ಹಣೆ ಮುಟ್ಟಿ ನೋಡಿದ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಲ್ಲಾದ ಮೇಲೇ ಲ್ಯಾಪ್‌ಟಾಪು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು. ಕೀಲಿಗಳ ಸಂದಿಯಲ್ಲೆಲ್ಲ ಹಿಟ್ಟು. 'ಆ ಪೆಟ್ಟಿಗೆ ಅತ್ಲಾಗಿಡು, ನನ್ನ ಹಿಟ್ಟು ಹಾಳಾಗುತ್ತೆ' ಎಂದು ಅಣ್ಣ ಬೈಯುತ್ತಿದ್ದ. ಬೈದವನೇ ಹಿಂದೆ ಬಂದು ನಿಂತು ಇಣುಕುತ್ತಿದ್ದ. ಅವಳ ಫೋಟೋಗಳು ನಿಜಕ್ಕೂ ಸುಧಾರಿಸಿದವು. ಕೇಕಿನ ಆರ್ಡರುಗಳು ಹೆಚ್ಚಿದವು. ಇಷ್ಟಕ್ಕೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಮೇಷ್ಟ್ರಿಗೆ ಕೇಕು ಬೇಕಿರಲಿಲ್ಲ. 'ಚಿತ್ರ ನೋಡಿದವರ ಕರುಳಿಗೆ ಕೈ ಹಾಕಬೇಕು' ಎನ್ನುವುದು ಅವರ ಮಂತ್ರ. ಅವರು ತೋರಿಸುವ ಮಾದರಿ ಚಿತ್ರಗಳಲ್ಲಿ ಒಬ್ಬರೂ ನಗುತ್ತಿರಲಿಲ್ಲ. ಎಲ್ಲ ಮುದುಕರು, ಎಲ್ಲ ಸುಕ್ಕು, ಎಲ್ಲ ಕಪ್ಪು ಬಿಳುಪು. ಕಾರ್ಯಾಗಾರ ಮುಗಿಯುವ ಹೊತ್ತಿಗೆ ಒಂದು ಪ್ರದರ್ಶನ ಇಡುವುದೆಂದೂ, ಎಲ್ಲರೂ ತಮ್ಮ ಮನೆಯವರೊಬ್ಬರ ಫೋಟೋ ತೆಗೆದು ತರಬೇಕೆಂದೂ ಹೇಳಿದರು. ಜೊತೆಗೆ ಎರಡು ನಿಯಮ ಹಾಕಿದರು. ಮೊದಲನೆಯದು, ತೆಗೆದದ್ದು ಎಷ್ಟೇ ಕೆಟ್ಟದಾಗಿದ್ದರೂ ಕ್ಯಾಮೆರಾದಲ್ಲೇ ಅಳಿಸಬಾರದು, ಸಣ್ಣ ಪರದೆಯಲ್ಲಿ ನೋಡಿ ತೀರ್ಮಾನ ಮಾಡಬಾರದು. ಎರಡನೆಯದು, ತಮ್ಮ ಚಿತ್ರವನ್ನು ತಾವೇ ಎಡಿಟ್ ಮಾಡುವಂತಿಲ್ಲ. ಮೆಮೊರಿ ಕಾರ್ಡನ್ನು ಜೊತೆಗಾರರೊಂದಿಗೆ ಬದಲಾಯಿಸಿಕೊಳ್ಳಬೇಕು. 'ನಿಮ್ಮ ಮನೆಯವರ ಮೇಲೆ ನಿಮಗೆ ಮಮತೆ ಇರುತ್ತೆ. ಮಮತೆ ಇದ್ರೆ ಸ್ಲೈಡರ್ ಎಳೆಯೋಕೆ ಕೈ ಬರಲ್ಲ' ಎಂದರು. ಆಗ ಅವಳಿಗೂ ಅದು ಭಾರಿ ಬುದ್ಧಿವಂತಿಕೆಯ ಮಾತಾಗಿ ಕಂಡಿತು.

ಅಣ್ಣನನ್ನು ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ. ಅವನಿಗೆ ತನ್ನ ರೂಪದ ಬಗ್ಗೆ ಒಂದು ಗತ್ತು ಇತ್ತು. ಬೆಳಿಗ್ಗೆ ಎದ್ದೊಡನೆ ಕ್ಷೌರ, ಮಡಿಕೆ ಮುರಿಯದ ಬಿಳಿ ಟೋಪಿ, ಬಾಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು. ಒಲೆಯ ಎದುರು ನಿಂತಾಗ ಮಾತ್ರ ಬಿಸಿಗೆ ಒಸಡು ಉರಿಯುತ್ತದೆಂದು ಸೆಟ್ಟು ತೆಗೆದು ಲೋಟದಲ್ಲಿ ಇಡುತ್ತಿದ್ದ. ಆಗ ಹಿಟ್ಟಿನ ಕೋಣೆಯ ಬಾಗಿಲು ಹಾಕಿರಬೇಕು. ಯಾರಾದರೂ ಬಂದರೆ ಬಾಯಿ ಮುಚ್ಚಿಕೊಂಡು ಕೈಸನ್ನೆಯಲ್ಲೇ ಮಾತಾಡುತ್ತಿದ್ದ. ಹಲ್ಲಿಲ್ಲದ ಅವನ ಮುಖ ನೋಡಿದ್ದು ಈ ಲೋಕದಲ್ಲಿ ಅವಳೊಬ್ಬಳೇ.

'ನಿನ್ನ ಚೆನ್ನಾಗಿ ತೋರಿಸ್ತೀನಿ ಕಣೋ' ಎಂದು ಗೋಗರೆದಳು. ಕೊನೆಗೆ ಅವನು ಟೋಪಿ ಇಟ್ಟುಕೊಂಡು, ಹಲ್ಲು ಹಾಕಿಕೊಂಡು, ಬ್ರೆಡ್ಡಿನ ಟ್ರೇ ಹಿಡಿದು ಸೈನಿಕನ ಹಾಗೆ ನಿಂತ. ಅವಳು ತೆಗೆದಳು. ಚೆನ್ನಾಗಿಯೇ ಬಂತು. ಆಮೇಲೆ ಅವನು ಮರೆತು ತನ್ನ ಪಾಡಿಗೆ ಕೆಲಸಕ್ಕಿಳಿದ, ಸೆಟ್ಟು ತೆಗೆದಿಟ್ಟು ಒಲೆಯೊಳಗೆ ಬಗ್ಗಿದ. ಕನ್ನಡಕ ಮಂಜಾಗಿ ಅದನ್ನೂ ತೆಗೆದ. ಟೋಪಿ ಜಾರಿತು. ಅವಳು ಇನ್ನೂ ಕ್ಯಾಮೆರಾ ಹಿಡಿದೇ ಇದ್ದಾಳೆಂದು ಗೊತ್ತಾದದ್ದೇ ತಡ, ತಿರುಗಿ ಬಾಯಿಬಿಟ್ಟು ಶುರುಮಾಡಿದ: 'ಏ ಕತ್ತೆ, ಹಲ್ಲು ಹಾಕ್ಕೊಳ್ಳೋಕಾದ್ರೂ ಬಿಡು, ನಿನ್ನ ಕ್ಯಾಮೆರಾ ಒಲೆಗೆ ಹಾಕ್ತೀನಿ.' ಅವಳು ನಗುತ್ತ ನಗುತ್ತ ಗುಂಡಿ ಒತ್ತಿಬಿಟ್ಟಳು.

ಹಲ್ಲು ಹಾಕಿಕೊಂಡ ಮೇಲೆ ಅವನು ಬಂದು ಎದುರು ನಿಂತ. ದನಿ ತಗ್ಗಿತ್ತು, ಅದೇ ವಿಚಿತ್ರ. 'ಆ ಫೋಟೋ ಯಾರಿಗೂ ತೋರಿಸ್ಬೇಡ' ಎಂದ.

'ಇಲ್ಲ ಬಿಡೋ.'

'ಮಾತು ಕೊಡು.'

'ಕೊಟ್ಟೆ ಮಹಾರಾಯ. ಯಾರಿಗೂ ತೋರಿಸಲ್ಲ.'

ಕೊಟ್ಟ ಮಾತಿನಂತೆ ಅವಳು ಅಂದೇ ಕಾರ್ಡಿನ ಫೋಟೋಗಳನ್ನೆಲ್ಲ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಆ ಚಿತ್ರಕ್ಕೆ ಬೇಡ ಎನ್ನುವ ಗುರುತು ಹಾಕಿದಳು. ಸಾಫ್ಟ್‌ವೇರ್‌ನಲ್ಲಿ ಒಂದು ಕೀಲಿ ಒತ್ತಿದರೆ ಸಾಕು, ಚಿತ್ರದ ಮೇಲೊಂದು ಕಪ್ಪು ಬಾವುಟ ಬೀಳುತ್ತದೆ, ಚಿತ್ರ ಮಂಕಾಗುತ್ತದೆ, ಆಮೇಲೆ ಕಣ್ಣಿಗೇ ಬೀಳದ ಹಾಗೆ ಮರೆಯಾಗುತ್ತದೆ. ಅವಳ ಪಾಲಿಗೆ ಅಲ್ಲಿಗೆ ಅದು ಹೋಯಿತು. ಆದರೆ ಬಾವುಟ ಬಿದ್ದದ್ದು ಅವಳ ಲ್ಯಾಪ್‌ಟಾಪಿನೊಳಗೆ. ಕಾರ್ಡಿನಲ್ಲಿ ಆ ಫೋಟೋ ಯಾವ ಗುರುತೂ ಇಲ್ಲದೆ, ಒಳ್ಳೆಯ ಫೋಟೋಗಳ ಪಕ್ಕದಲ್ಲೇ, ಹಾಗೇ ಕೂತಿತ್ತು. ಇದು ಅವಳ ತಲೆಗೆ ಹೊಳೆಯಲಿಲ್ಲ. ಭಾನುವಾರ ಆ ಕಾರ್ಡನ್ನು ತೆಗೆದು ಜೊತೆಗಾರನ ಕೈಗೆ ಕೊಟ್ಟಳು.

ಜೊತೆಗಾರ ವಿಮಾ ಕಚೇರಿಯ ಗುಮಾಸ್ತ. ಮೆತ್ತಗಿನ ಮನುಷ್ಯ. ಮಾತಾಡುವ ಮೊದಲು ಕೆಮ್ಮಿ ಅಪ್ಪಣೆ ಕೇಳುವಂಥವನು. ಅವನು ಕೊಟ್ಟ ಕಾರ್ಡಿನಲ್ಲಿ ಅವನ ಅತ್ತೆಯ ಫೋಟೋಗಳಿದ್ದವು. ಬೆಂಚಿನ ಮೇಲೆ ಕೂತ ವಯಸ್ಸಾದ ಹೆಂಗಸು, ಪಕ್ಕದಲ್ಲಿ ಕಾಲು ಆಡಿಸುತ್ತ ಕೂತ ಮೊಮ್ಮಗಳು. ಎಡಿಟ್ ಮಾಡಲು ಕೂತವಳಿಗೆ ಅದರಲ್ಲೇನೂ ಸ್ವಾರಸ್ಯ ಕಾಣಲಿಲ್ಲ. ಮೇಷ್ಟ್ರ ಕರುಳಿನ ಮಂತ್ರ ನೆನಪಾಯಿತು. ಮೊಮ್ಮಗಳನ್ನು ಅಳಿಸಿದಳು. ಕಲೆ ಒರೆಸುವ ಬ್ರಷ್ಷಿನಿಂದ ಹುಡುಗಿಯನ್ನು ಸವರುತ್ತ ಹೋದರೆ ಅಲ್ಲಿ ಖಾಲಿ ಬೆಂಚು ಮೂಡಿತು. ಮುದುಕಿಯ ಕಣ್ಣಿನ ಕೆಳಗಿನ ನೆರಳನ್ನು ಕಪ್ಪಾಗಿಸಿದಳು, ಬಣ್ಣ ತೆಗೆದಳು. ಕೆಳಗೆ 'ಒಬ್ಬಳೇ' ಎಂದು ಹೆಸರಿಟ್ಟಳು. ಮೇಷ್ಟ್ರು ಅದನ್ನು ದೊಡ್ಡ ಪರದೆಯ ಮೇಲೆ ಹಾಕಿ, 'ನೋಡಿ, ಎಡಿಟಿಂಗ್ ಅಂದ್ರೆ ಇದು' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತನೂ ತಟ್ಟಿದ. ಅವನ ಪಾಲಿನ ಕೆಲಸ ಇನ್ನೂ ಮುಗಿದಿರಲಿಲ್ಲ, ವಾರದ ನಡುವೆ ಮೇಷ್ಟ್ರಿಗೇ ಕಳಿಸುತ್ತೇನೆ ಎಂದ.

ಪ್ರದರ್ಶನದ ಹಿಂದಿನ ದಿನ ಚಿತ್ರಗಳನ್ನು ಗೋಡೆಗೆ ಏರಿಸಲು ಬನ್ನಿ ಎಂದು ಮೇಷ್ಟ್ರು ಎಲ್ಲರನ್ನೂ ಕರೆದಿದ್ದರು. ಅವಳು ಏಣಿ ಹಿಡಿಯಲು ಹೋದವಳು ಬಾಗಿಲಲ್ಲೇ ನಿಂತಳು.

ಎದುರಿನ ಗೋಡೆಯಲ್ಲಿ, ಮಿಕ್ಕವುಗಳಿಗಿಂತ ಎರಡರಷ್ಟು ದೊಡ್ಡದಾಗಿ, ಅಣ್ಣ. ಟೋಪಿ ಇಲ್ಲ, ಕನ್ನಡಕ ಇಲ್ಲ. ಒಲೆಯನ್ನೂ ಬ್ರೆಡ್ಡನ್ನೂ ಕತ್ತರಿಸಿ ಬಿಸಾಕಿ ಮುಖವೊಂದನ್ನೇ ಉಳಿಸಿದ್ದರು. ಕೆನ್ನೆಗಳು ಒಳಕ್ಕೆ ಹೋಗಿ ಗುಳಿ ಬಿದ್ದಿದ್ದವು. ಹಿಟ್ಟು ಬೂದಿಯಾಗಿತ್ತು. ಬೆವರು ಕಣ್ಣೀರಾಗಿತ್ತು. ಒಂದೊಂದು ಸುಕ್ಕೂ ಚಾಕುವಿನಿಂದ ಗೀರಿದಂತಿತ್ತು. ನಡುವೆ ತೆರೆದ ಬೋಳು ಬಾಯಿ. ಕೆಳಗೆ ಹೆಸರು: 'ಹಸಿವು'.

ಹಸಿವಂತೆ. ಮುಂಜಾನೆ ಎದ್ದು ಬೀದಿಗೆಲ್ಲ ಅನ್ನ ಹಾಕುವವನ ಮುಖದ ಕೆಳಗೆ ಹಸಿವು ಎಂದು ಬರೆದಿದ್ದರು. ಮೊದಲ ಒಲೆಯ ಬನ್ನನ್ನು ತಾನೇ ತಿಂದು ನೋಡದೆ ಮಾರದ ಮನುಷ್ಯ, ಬೆಣ್ಣೆ ಕಡಿಮೆಯಾದರೆ ಹಿಟ್ಟನ್ನೇ ಚೆಲ್ಲಿಬಿಡುವ ಮನುಷ್ಯ, ಅವನಿಗೆ ಹಸಿವು. ಅವಳು ಸೀದಾ ಗುಮಾಸ್ತನ ಬಳಿಗೆ ಹೋದಳು.

'ಯಾರ್ರೀ ನಿಮಗೆ ಈ ಫೋಟೋ ಮುಟ್ಟೋಕೆ ಹೇಳಿದ್ದು?'

ಅವನು ಕೆಮ್ಮಿದ. 'ನೀವೇ ಕೊಟ್ಟ ಕಾರ್ಡು ಮೇಡಂ. ಅದರಲ್ಲೇ ಇತ್ತು.'

'ಅದು ಬೇಡ ಅಂತ ಗುರುತು ಹಾಕಿದ್ದೆ.'

'ಕಾರ್ಡ್‌ನಲ್ಲಿ ಯಾವ ಗುರುತೂ ಇರ್ಲಿಲ್ಲ.'

ಅಲ್ಲಿಗೆ ಅವಳಿಗೆ ತನ್ನ ತಪ್ಪು ಅರ್ಥವಾಯಿತು. ಅರ್ಥವಾದದ್ದರಿಂದ ಕೋಪ ಇನ್ನೂ ಹೆಚ್ಚಾಯಿತು. 'ಗುರುತು ಇಲ್ಲದಿದ್ರೆ ಏನಂತೆ, ಕಣ್ಣಿರ್ಲಿಲ್ವಾ? ಅವನು ಬೈತಿದ್ದಾನೆ ಕಣ್ರೀ ಅದ್ರಲ್ಲಿ. ಬೈತಿರೋ ಮನುಷ್ಯನನ್ನ ಭಿಕ್ಷೆ ಬೇಡ್ತಿರೋ ಹಾಗೆ ಮಾಡಿದ್ದೀರಲ್ಲ, ಹೊಟ್ಟೆಗೆ ಏನು ತಿಂತೀರಿ ನೀವು?'

ಮೆತ್ತಗಿನ ಮನುಷ್ಯನ ಮುಖ ಕೆಂಪಾಯಿತು. ಈ ಸಲ ಅವನು ಕೆಮ್ಮಲಿಲ್ಲ. 'ನಾನು ನಿಮ್ಮನ್ನ ನೋಡಿಯೇ ಕಲಿತದ್ದು ಮೇಡಂ. ಮೇಷ್ಟ್ರು ನಿಮ್ಮದನ್ನ ಹೊಗಳಿದ್ರಲ್ಲ, ಅದನ್ನೇ ಪಕ್ಕದಲ್ಲಿ ಇಟ್ಕೊಂಡು ಮಾಡಿದ್ದು. ನೀವು ನನ್ನ ಮಗಳನ್ನೇ ಅಳಿಸಿಹಾಕಿದ್ರಿ. ನಾನು ಕೇಳಿದ್ನಾ?'

ಅವನು ಬಿಡಲಿಲ್ಲ. 'ನಮ್ಮತ್ತೆಗೆ ಆ ಫೋಟೋ ತೋರಿಸಿದೆ. ಅವರು ಅದರದೊಂದು ಪ್ರತಿ ತರಿಸ್ಕೊಂಡು ಮಂಚದ ಪಕ್ಕ ಇಟ್ಕೊಂಡಿದ್ದಾರೆ. ಮನೆ ತುಂಬ ಜನ ಇದ್ರೂ ನಾನು ಒಬ್ಬಳೇ ಅಂತ ಒಬ್ಬರಿಗಾದ್ರೂ ಕಾಣಿಸ್ತಲ್ಲ ಅಂದ್ರು. ಅವತ್ತಿನಿಂದ ನನ್ನ ಹೆಂಡತಿ ನನ್ನ ಹತ್ರ ಮಾತಾಡ್ತಿಲ್ಲ. ನಮ್ಮನೇಲಿ ಬೆಂಕಿ ಹಚ್ಚಿದ್ದು ನೀವು.'

ಅವಳು ಆ ಮುದುಕಿಯ ಮುಖದ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಸ್ಲೈಡರ್ ಎಳೆದಿದ್ದಳು, ಅಷ್ಟೇ. ಅದು ಅಕಸ್ಮಾತ್ತಾಗಿ ಎಲ್ಲೋ ಹೋಗಿ ನಿಜಕ್ಕೆ ತಗುಲಿದರೆ ಅದಕ್ಕೆ ಸಂತೋಷಪಡಬೇಕೋ ನಾಚಿಕೆಪಡಬೇಕೋ ತಿಳಿಯಲಿಲ್ಲ. ಗುಮಾಸ್ತನನ್ನು ಬಿಟ್ಟು ಮೇಷ್ಟ್ರ ಮೇಲೆ ತಿರುಗಿದಳು. ಎಲ್ಲಾದರೂ ಒಂದು ಕಡೆ ಆ ಕೋಪ ಇಳಿಯಲೇಬೇಕಿತ್ತು.

'ಈ ಫೋಟೋ ಕೆಳಗಿಳಿಸಿ ಸಾರ್. ಟ್ರೇ ಹಿಡ್ಕೊಂಡಿರೋದು ಇದೆ, ಅದನ್ನ ಹಾಕಿ. ನಾಳೆ ನಮ್ಮಣ್ಣ ಬರ್ತಾನೆ.'

ಮೇಷ್ಟ್ರು ಗಡ್ಡ ನೀವಿದರು. 'ಇಡೀ ಪ್ರದರ್ಶನದಲ್ಲಿ ಇದೇ ಮುಖ್ಯ ಚಿತ್ರ. ಗೋಡೆಗೆ ಹೋದ ಮೇಲೆ ಚಿತ್ರ ತೆಗೆದವರದ್ದೂ ಅಲ್ಲ, ಎಡಿಟ್ ಮಾಡಿದವರದ್ದೂ ಅಲ್ಲ. ನೋಡೋರದ್ದು.'

'ಮುಖ ಯಾರದ್ದು ಸಾರ್?'

ಸುತ್ತಲಿದ್ದವರು ಮೊಳೆ ಹೊಡೆಯುವುದನ್ನು ನಿಲ್ಲಿಸಿದರು. ಮೇಷ್ಟ್ರು ಇವಳನ್ನು ಹೇಗಾದರೂ ಸಾಗಹಾಕಿದರೆ ಸಾಕು ಎನ್ನುವ ದನಿಯಲ್ಲಿ, 'ಸರಿ, ಆ ಇನ್ನೊಂದನ್ನ ಕಳಿಸಿ. ಬೆಳಿಗ್ಗೆ ಬದಲಾಯಿಸೋಣ' ಎಂದರು. ಅವಳು ಅಲ್ಲೇ ನಿಂತು ಕಳಿಸಿದಳು. ನಂಬಿದಳು. ಜಗತ್ತಿನಲ್ಲಿ ಯಾರನ್ನೂ ನಂಬದ ಹೆಂಗಸು ಆ ದಿನವೇ ಯಾಕೆ ನಂಬಿದಳೋ.

ನಂಬಿದ್ದರೂ, ಯಾವುದಕ್ಕೂ ಇರಲಿ ಎಂದು ಬೆಳಿಗ್ಗೆ ಅಣ್ಣನಿಗೆ, 'ನೀನು ಬರ್ಬೇಡ ಬಿಡು, ಜನ ಜಾಸ್ತಿ, ಸೆಖೆ' ಎಂದು ನೋಡಿದಳು. ಅವನು ಕೇಳಬೇಕಲ್ಲ. ವಾರದಿಂದ ಬ್ರೆಡ್ಡಿನ ಜೊತೆಗೆ ಆ ಸುದ್ದಿಯನ್ನೂ ಕಟ್ಟಿ ಕೊಟ್ಟಿದ್ದ. 'ನಮ್ಮ ಕತ್ತೆ ತೆಗೆದ ಫೋಟೋ ಗೋಡೆಗೆ ಹಾಕ್ತಾರಂತೆ, ಹೋಗಿ ನೋಡಿ' ಎಂದು ಒಬ್ಬೊಬ್ಬ ಗಿರಾಕಿಗೂ ಹೇಳಿದ್ದ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸದಾಗಿ ಕ್ಷೌರ ಮಾಡಿಕೊಂಡು ಅವಳ ಜೊತೆ ಹೊರಟ. ದಾರಿಯುದ್ದಕ್ಕೂ, ನಿಧಾನ ನಡೀತೀಯ ಎಂದು ಅವಳನ್ನು ಬೈಯುತ್ತಲೇ ಬಂದ.

ಫೋಟೋ ಬದಲಾಗಿರಲಿಲ್ಲ. ಅದರ ಮೇಲೆ ಈಗ ಒಂದು ವಿಶೇಷ ದೀಪ ಬೇರೆ ಬೆಳಗುತ್ತಿತ್ತು. ಮೇಷ್ಟ್ರು ದೂರದಲ್ಲಿ ಯಾರೋ ಅತಿಥಿಗಳೊಂದಿಗೆ ನಿಂತಿದ್ದರು. ಅವಳನ್ನು ನೋಡಿಯೂ ನೋಡದವರಂತೆ ಮುಖ ತಿರುಗಿಸಿಕೊಂಡರು. ಅವಳು ಅಣ್ಣನ ತೋಳು ಹಿಡಿದು ಇನ್ನೊಂದು ಗೋಡೆಯ ಕಡೆ ಎಳೆದಳು. ಅವನು ಕೊಡವಿಕೊಂಡ. 'ನನ್ನದು ಎಲ್ಲಿದೆ ತೋರಿಸು ಮೊದಲು' ಎಂದು ಒಂದೊಂದೇ ಚಿತ್ರ ನೋಡುತ್ತ ಹೋದ. ದೊಡ್ಡ ಚಿತ್ರದ ಎದುರು ಬಂದು ನಿಂತ. ಕನ್ನಡಕ ಸರಿಮಾಡಿಕೊಂಡ.

'ಪಾಪ, ಯಾರೋ' ಎಂದ ಅಣ್ಣ. 'ಊಟ ಮಾಡಿ ಎಷ್ಟು ದಿನ ಆಯ್ತೋ ಏನೋ. ಇಂಥವರ ಮುಂದೆ ಕ್ಯಾಮೆರಾ ಹಿಡ್ಕೊಂಡು ನಿಲ್ತಾರಲ್ಲ, ಕೈಗೆ ಒಂದು ಬನ್ನು ಕೊಟ್ಟು ಕಳಿಸೋಕೆ ಏನು ರೋಗ ಇವರಿಗೆ? ತೆಗೆದವರಿಗೆ ಕರುಳು ಅನ್ನೋದೇ ಇಲ್ಲ.'

ಅವನಿಗೆ ಗುರುತು ಸಿಕ್ಕಿರಲಿಲ್ಲ. ಹಲ್ಲಿಲ್ಲದ ತನ್ನ ಮುಖವನ್ನು ಅವನು ಕನ್ನಡಿಯಲ್ಲೂ ನೋಡಿಕೊಂಡವನಲ್ಲ. ಬಚಾವಾದೆ ಎಂದುಕೊಂಡಳು ಅವಳು. ಆಗಲೇ ಹೇಳಿಬಿಡಬಹುದಿತ್ತು. ಅಣ್ಣ, ತೆಗೆದವಳು ನಾನು, ಹೀಗಾಗಿ ಹೋಯಿತು, ಬೈ ನನ್ನ, ಎನ್ನಬಹುದಿತ್ತು. ಬೀದಿಗೆಲ್ಲ ಬೆಂಕಿಪೊಟ್ಟಣವಾದವಳು ಅಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. 'ಹೌದು ಬಿಡು, ಬಾ ಈ ಕಡೆ' ಎಂದಳು.

ಅಷ್ಟರಲ್ಲಿ ನಿವೃತ್ತ ಟೀಚರೊಬ್ಬರು ಎದುರಾದರು. ದಿನಾ ಸಂಜೆ ಬ್ರೆಡ್ಡು ಕೊಳ್ಳಲು ಬರುವವರು. ಅವರು ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

'ಅಂಗಡಿ ಅಷ್ಟು ಕಷ್ಟದಲ್ಲಿದೆ ಅಂತ ನಮಗ್ಯಾರಿಗೂ ಗೊತ್ತಾಗಲೇ ಇಲ್ಲ. ಹೇಳಬಾರದಿತ್ತಾ? ನಾವೆಲ್ಲ ಇದ್ವಲ್ಲ.'

'ಯಾವ ಕಷ್ಟ ಟೀಚರ್?' ಎಂದ ಅಣ್ಣ.

ಅವರು ಗೋಡೆಯ ಕಡೆ ನೋಡಿದರು. ಅಣ್ಣನೂ ಅವರ ಕಣ್ಣು ಹೋದ ಕಡೆ ನೋಡಿದ. ಈ ಸಲ ತುಂಬ ಹೊತ್ತು ನೋಡಿದ. ಹುಬ್ಬಿನ ಮೇಲಿನ ಸುಟ್ಟ ಕಲೆ, ಸೀಳಿದ ಕಿವಿಯ ತುದಿ, ಒಂದೊಂದಾಗಿ ಅವನದೇ ಎಂದು ಗೊತ್ತಾಗುತ್ತ ಬಂದದ್ದು ಅವಳಿಗೆ ಪಕ್ಕದಿಂದ ಕಾಣಿಸುತ್ತಿತ್ತು. ಅವನ ಕೈ ನಿಧಾನವಾಗಿ ಮೇಲಕ್ಕೆ ಬಂದು ಬಾಯಿಯನ್ನು ಮುಚ್ಚಿಕೊಂಡಿತು. ಬಾಯಲ್ಲಿ ಹಲ್ಲಿದ್ದವು, ಆದರೂ ಮುಚ್ಚಿಕೊಂಡ.

ಟೀಚರು ಏನೋ ತಪ್ಪಾಯಿತೆಂದು ತಿಳಿದು ಸರಿದುಹೋದರು.

'ಆವಾಗ ನಾನು ಬೈತಿದ್ದೆ ಅಲ್ವಾ?' ಎಂದ ಅವನು, ಕೈಯ ಹಿಂದಿನಿಂದ.

'ಹೌದಣ್ಣ. ಬೈತಿದ್ದೆ. ನಾನು ನಗ್ತಿದ್ದೆ.'

'ಆ ಬೈಗುಳ ಎಲ್ಲಿ ಹೋಯ್ತು ಮತ್ತೆ?'

ಅವಳು ಕಾರ್ಡು, ಬಾವುಟ, ಗುಮಾಸ್ತ ಎಂದೆಲ್ಲ ಶುರುಮಾಡಿದಳು. ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. 'ನಾನು ಪಾಪ ಅಂದಾಗಲೂ ಸುಮ್ನೆ ಇದ್ಯಲ್ಲ' ಎಂದ. ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದ.

ಆಮೇಲೆ ಅವಳು ಮಾಡಿದ್ದನ್ನು ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಕುರ್ಚಿ ಎಳೆದು, ಹತ್ತಿ, ಚಿತ್ರವನ್ನು ಮೊಳೆಯಿಂದ ಕಿತ್ತಳು. ಮೇಷ್ಟ್ರು ಓಡಿಬಂದು ಚೌಕಟ್ಟಿನ ಇನ್ನೊಂದು ತುದಿ ಹಿಡಿದರು. 'ಏನಮ್ಮ ಇದು, ಅತಿಥಿಗಳ ಮುಂದೆ' ಎಂದರು. 'ಬೆಳಿಗ್ಗೆ ಬದಲಾಯಿಸೋಣ ಅಂದ್ರಲ್ಲ, ಬದಲಾಯಿಸ್ತಿದ್ದೀನಿ. ಬಿಡಿ ಕೈ' ಎಂದಳು. ಅವರು ಬಿಡಲಿಲ್ಲ. 'ಅವನ ಅನ್ನ ತಿಂದು ಬೆಳೆದವಳು ನಾನು. ನೀವು ಅವನನ್ನ ಹಸಿದವನು ಅಂತ ಊರಿಗೆಲ್ಲ ತೋರಿಸ್ತೀರಾ? ಮುಂದಿನ ಸಲ ನಿಮ್ಮ ಮನೆಯವರನ್ನ ತಂದು ನಿಲ್ಲಿಸಿ, ನಾನು ಎಡಿಟ್ ಮಾಡ್ತೀನಿ. ಚೆನ್ನಾಗಿ ಕಲಿಸಿದ್ದೀರಿ ನಂಗೆ' ಎಂದಳು. ಮೇಷ್ಟ್ರ ಕೈ ಸಡಿಲವಾಯಿತು. ಗುಮಾಸ್ತ ತಲೆ ತಗ್ಗಿಸಿಕೊಂಡು ಅವಳಿಗೆ ಬಾಗಿಲು ತೆಗೆದುಕೊಟ್ಟ.

ಚೌಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಯಲ್ಲಿ ಹೆಚ್ಚುಕಡಿಮೆ ಓಡಿದಳು. ಅಣ್ಣ ಮುಂದೆ ಹೋಗುತ್ತಿದ್ದ. ಕರೆದಳು, ತಿರುಗಲಿಲ್ಲ. ಅಂಗಡಿ ಮುಟ್ಟುವ ಹೊತ್ತಿಗೆ ಅವನಾಗಲೇ ಅಂಗಿ ಬದಲಾಯಿಸಿ ಕೈ ತೊಳೆಯುತ್ತಿದ್ದ. ಸಂಜೆಯ ಬ್ರೆಡ್ಡಿಗೆ ಹಿಟ್ಟು ಉಬ್ಬಿ ಕಾಯುತ್ತಿತ್ತು. ಅವನು ಏನೂ ಆಗದವನಂತೆ ಅದನ್ನು ಒಲೆಗೆ ಹಾಕಿದ.

ಅವಳು ಬಾಗಿಲ ಬಳಿ ನಿಂತೇ ಇದ್ದಳು. ಬೈಗುಳ ಬರುತ್ತದೆ ಎಂದು ಕಾದಳು. ಇಷ್ಟು ವರ್ಷಗಳ ಬೈಗುಳವೆಲ್ಲ ಒಟ್ಟಾಗಿ ಬಂದರೂ ಸರಿ, ಕೇಳಿಸಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಂಡು ನಿಂತಳು.

ಬರಲಿಲ್ಲ.

ಬ್ರೆಡ್ಡು ಬೆಂದಿತು. ಅವನು ತೆಗೆದುಕೊಟ್ಟ ಬಿಸಿ ಟ್ರೇಯನ್ನು ಅವಳು ಬೇಕೆಂದೇ ಒದ್ದೆ ಕಲ್ಲಿನ ಮೇಲೆ ಇಟ್ಟಳು. ಹಾಗೆ ಇಟ್ಟರೆ ಬ್ರೆಡ್ಡಿನ ತಳ ಮೆತ್ತಗಾಗುತ್ತದೆ, ಬೇರೆ ದಿನವಾಗಿದ್ದರೆ ಅವನು ಬೀದಿಯೇ ಕೇಳುವಂತೆ ಕೂಗಾಡುತ್ತಿದ್ದ. ಅವನು ನೋಡಿದ. ಟ್ರೇಯನ್ನು ಎತ್ತಿ ಒಣಬಟ್ಟೆಯಿಂದ ತಳ ಒರೆಸಿ ಕಪಾಟಿನ ಮೇಲೆ ಇಟ್ಟ.

'ಬೈಯಣ್ಣ' ಎಂದಳು ಅವಳು. 'ಒಂದ್ಸಲ ಬೈದುಬಿಡು.'

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಇಟ್ಟ.

'ಹೊರಗಡೆ ಯಾರೋ ಬಂದಿದ್ದಾರೆ' ಎಂದ. 'ಏನು ಬೇಕು ಕೇಳು.'